ಹಳೇ ಪಿಕಪ್ಪಿಗೆ ಆಟೋ ಗೇರ್: ಕಾಲಿಗೆ ಆರಾಮ ಸರಿ, ಕಾಸು ಮತ್ತು ಕಾಗದದ ಲೆಕ್ಕ ಏನು?

ಕೂಡ್ಲಿಗಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕಿನ ವ್ಯಾಪಾರ ನಿಂತಿರೋದು ಪಿಕಪ್ ಗಾಡಿಗಳ ಮೇಲೆ. ಹೊಲದಿಂದ ಉಳ್ಳಾಗಡ್ಡಿ, ಮೆಕ್ಕೆಜೋಳ, ಶೇಂಗಾ ಮಾರ್ಕೆಟ್ಟಿಗೆ ಬರಬೇಕಾದರೂ ಅದೇ ಗಾಡಿ, ಹೋಲ್‌ಸೇಲ್ ಅಂಗಡಿಯಿಂದ ಹಳ್ಳಿ ಕಿರಾಣಿಗೆ ಸಾಮಾನು ಹೋಗಬೇಕಾದರೂ ಅದೇ ಗಾಡಿ. ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ ನಿಜ, ಆದರೆ ಹೂವು ಬಾಡೋದರೊಳಗೆ ಊರು ಮುಟ್ಟಿಸೋಕೆ ಒಂದು ಗಾಡಿ, ಒಬ್ಬ ಡ್ರೈವರ್ ಬೇಕೇ ಬೇಕು.

ಈ ಗಾಡಿಗಳಲ್ಲಿ ಬಹುಪಾಲು ಹಳೆಯವು. ಓಡಿಸುವವರಿಗೂ ವಯಸ್ಸಾಗುತ್ತಿದೆ. ಹಾಗಾಗಿ ಗ್ಯಾರೇಜುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇರೋ ಹಳೇ ಪಿಕಪ್ಪಿಗೇ ಆಟೋಮ್ಯಾಟಿಕ್ ಗೇರ್ ಹಾಕ್ಸಿಬಿಟ್ಟರೆ ಹೆಂಗೆ? ಕ್ಲಚ್ ತುಳಿಯೋ ಕಷ್ಟ ತಪ್ಪುತ್ತಲ್ಲ?

ಮೊಬೈಲಿನಲ್ಲಿ ನೋಡಿದರೆ ಹೊರದೇಶದವರು ಹಳೇ ಪಿಕಪ್ಪನ್ನ ಶೆಡ್ಡಿನಲ್ಲೇ ನಿಲ್ಲಿಸಿಕೊಂಡು ಎರಡು ದಿನದಲ್ಲಿ ಗೇರ್ ಬಾಕ್ಸ್ ಬದಲಿಸೋ ವಿಡಿಯೊ ಸಿಗುತ್ತವೆ. ಅಲ್ಲಿ ಆಗೋದು ಇಲ್ಲಿ ಯಾಕೆ ಆಗಲ್ಲ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಉತ್ತರ ಹುಡುಕಬೇಕಾದರೆ ಯಂತ್ರ, ಕಾನೂನು, ಕಾಸು ಮೂರನ್ನೂ ಒಟ್ಟಿಗೆ ನೋಡಬೇಕು. ಒಂದನ್ನು ಬಿಟ್ಟು ಒಂದನ್ನು ನೋಡಿದವರು ಗಾಡಿ ಬಿಚ್ಚಿ ಹಾಕಿಸಿ ಕೂತುಕೊಳ್ಳಬೇಕಾಗುತ್ತದೆ.

ಪ್ರಶ್ನೆ ಈಗ್ಯಾಕೆ ಬಂತು?

ಮೊದಲನೇ ಕಾರಣ ಮೊಣಕಾಲು. ಲೋಡ್ ಗಾಡಿಯ ಕ್ಲಚ್ಚು ಕಾರಿನ ಕ್ಲಚ್ಚಿನ ಹಾಗಲ್ಲ, ಗಟ್ಟಿ. ಒಂದು ಟ್ರಿಪ್ಪಿಗೆ 300 ಸಲ ತುಳಿಯಬೇಕು ಅಂತ ಲೆಕ್ಕಕ್ಕೆ ಇಟ್ಟುಕೊಂಡರೂ ದಿನಕ್ಕೆ ನಾಲ್ಕು ಟ್ರಿಪ್ಪಿಗೆ 1,200 ಸಲ ಆಯಿತು. ಸಂತೆ ದಿನ ಪೇಟೆ ಬೀದಿಯಲ್ಲಿ, ಕೊಟ್ಟೂರಿನ ರಥೋತ್ಸವದ ಟೈಮಿನಲ್ಲಿ, ಮೈಲಾರ ಜಾತ್ರೆಯ ದಾರಿಯಲ್ಲಿ ಗಾಡಿ ಆಮೆ ಹಂಗೆ ಹೋಗುವಾಗ ಈ ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಹೀಗೆ ತುಳಿದ ಎಡಗಾಲು ಸುಮ್ಮನಿರಲ್ಲ.

ಎರಡನೇ ಕಾರಣ ಡ್ರೈವರುಗಳ ಕೊರತೆ. ಅಂಗಡಿಯವರು ಈಗ ತಾವೇ ಗಾಡಿ ಓಡಿಸಿಕೊಳ್ಳೋಣ ಅಂತ ನೋಡುತ್ತಿದ್ದಾರೆ. ಇದಕ್ಕೆ ಕಾನೂನಿನ ದಾರಿಯೂ ಸಲೀಸಾಗಿದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಲಘು ಮೋಟಾರು ವಾಹನದ ಡಿಎಲ್ ಇದ್ದವರು ಒಟ್ಟು ತೂಕ 7,500 ಕೆಜಿ ಒಳಗಿನ ಸಾಗಣೆ ವಾಹನ ಓಡಿಸೋಕೆ ಬೇರೆ ಅನುಮತಿ ಬೇಕಿಲ್ಲ ಅನ್ನೋದು ಅದರ ಸಾರ. ನಮ್ಮ ಕಡೆ ಓಡಾಡೋ ಪಿಕಪ್, ಟಾಟಾ ಏಸ್ ಎಲ್ಲ ಈ ತೂಕದೊಳಗೇ ಬರುತ್ತವೆ. ಆದರೆ ಗೇರ್ ಇಲ್ಲದ ಸ್ಕೂಟಿ, ಆಟೋಮ್ಯಾಟಿಕ್ ಕಾರು ಓಡಿಸಿ ರೂಢಿಯಾದ ಅಂಗಡಿಯವರ ಮಕ್ಕಳಿಗೆ ಲೋಡ್ ಗಾಡಿಯ ಗೇರು, ಕ್ಲಚ್ಚು ಅಂದರೆ ತಲೆನೋವು.

ಮೂರನೇದು, ಹೊಸ ಗಾಡಿಯ ರೇಟು. ಸಾಲ ತೀರಿರೋ ಹಳೇ ಗಾಡಿ ಕೈಯಲ್ಲಿರುವಾಗ ಮತ್ತೆ ಫೈನಾನ್ಸ್ ಬಾಗಿಲಿಗೆ ಹೋಗೋಕೆ ಯಾರಿಗೂ ಮನಸ್ಸಿಲ್ಲ.

ಅಮೆರಿಕದಲ್ಲಿ ಸುಲಭ, ಇಲ್ಲಿ ಯಾಕಲ್ಲ?

ಇದನ್ನ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1940ರ ಮಾಡೆಲ್ ಕಾರಿನಲ್ಲೇ ಹೈಡ್ರಾಮ್ಯಾಟಿಕ್ ಅನ್ನೋ ಆಟೋ ಗೇರ್ ಕೊಟ್ಟಿತು. 1953ರಲ್ಲಿ ಫೋರ್ಡ್ ಪಿಕಪ್ಪಿಗೆ, 1954ರಲ್ಲಿ ಶೆವರ್ಲೆ ಪಿಕಪ್ಪಿಗೆ ಕಂಪನಿಯಿಂದಲೇ ಆಟೋ ಗೇರ್ ಆಯ್ಕೆ ಬಂತು. ಅಂದರೆ ಅಲ್ಲಿ ಎಪ್ಪತ್ತು ವರ್ಷದಿಂದ ಒಂದೇ ಎಂಜಿನ್ನಿಗೆ ಮ್ಯಾನುಯಲ್ ಗೇರ್ ಬಾಕ್ಸೂ ಇದೆ, ಆಟೋ ಗೇರ್ ಬಾಕ್ಸೂ ಇದೆ. ಗುಜರಿಯಿಂದ ತಂದ ಡಬ್ಬಿಯ ಬೋಲ್ಟಿನ ತೂತು ಎಂಜಿನ್ನಿಗೆ ಸರಿಯಾಗಿ ಕೂರುತ್ತದೆ. ವಿಡಿಯೊದಲ್ಲಿ ಎರಡು ದಿನಕ್ಕೆ ಕೆಲಸ ಮುಗಿಯೋ ಗುಟ್ಟು ಇಷ್ಟೇ.

ನಮ್ಮ ಕಥೆ ಬೇರೆ. ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಎಂಜಿನ್ ಎರಡು ಸಿಲಿಂಡರ್, 702 ಸಿಸಿ, ಬರೀ 16 ಅಶ್ವಶಕ್ತಿ. ಗೇರು ನಾಲ್ಕು, ಕೈಯಲ್ಲೇ ಹಾಕಬೇಕು. ಬೊಲೆರೊ ಪಿಕಪ್ಪಿನದು 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರು, ಅದೂ ಮ್ಯಾನುಯಲ್. ಈ ಹಳೇ ಎಂಜಿನ್ನುಗಳಿಗೆ ಸರಿಯಾಗಿ ಕೂರುವ, ಕಂಪನಿಯೇ ಮಾಡಿದ ಆಟೋ ಗೇರ್ ಬಾಕ್ಸ್ ನಮ್ಮ ಪೇಟೆಯಲ್ಲಿ ಸಿಗೋದಿಲ್ಲ.

ಹಂಗಾದರೆ ಮಹೀಂದ್ರದ್ದೇ ಸ್ಕಾರ್ಪಿಯೊ ಗೇರ್ ಬಾಕ್ಸ್ ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ಸ್ಕಾರ್ಪಿಯೊದಲ್ಲಿ 2008ರಲ್ಲೇ ಆರು ಗೇರಿನ ಆಟೋಮ್ಯಾಟಿಕ್ ಬಂದಿತ್ತು ನಿಜ. ಆದರೆ ಅದು ಎಂಹಾಕ್ ಅನ್ನೋ 2.2 ಲೀಟರಿನ ಬೇರೆ ಎಂಜಿನ್ನಿಗೆ ಮಾಡಿದ್ದು. ಕಂಪನಿ ಒಂದೇ ಅಂದ ಮಾತ್ರಕ್ಕೆ ಡಬ್ಬಿ ಕೂರಲ್ಲ.

ಬಿಚ್ಚಿದರೆ ಏನೇನು ಬದಲಾಗಬೇಕು?

ಗೇರ್ ಬಾಕ್ಸ್ ಒಂದನ್ನೇ ಬದಲಿಸಿದರೆ ಆಯಿತು ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಪಟ್ಟಿ ಉದ್ದ ಇದೆ.

ಮ್ಯಾನುಯಲ್ ಗಾಡಿಯಲ್ಲಿ ಎಂಜಿನ್ ಹಿಂದೆ ಭಾರದ ಫ್ಲೈವೀಲ್, ಅದಕ್ಕೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಇರುತ್ತವೆ. ಆಟೋಮ್ಯಾಟಿಕ್‌ನಲ್ಲಿ ಇವೆಲ್ಲ ಹೋಗಿ ತೆಳುವಾದ ಒಂದು ಪ್ಲೇಟ್ ಮತ್ತು ಟಾರ್ಕ್ ಕನ್ವರ್ಟರ್ ಬರುತ್ತವೆ. ಕನ್ವರ್ಟರ್ ಅಂದರೆ ಆಯಿಲ್ ತುಂಬಿದ ಗುಂಡನೆಯ ಡಬ್ಬಿ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದು ತಿರುಗೋ ಹಾಗೆ, ಇದರೊಳಗೆ ಎಂಜಿನ್ ಕಡೆಯ ರೆಕ್ಕೆ ಎಸೆಯೋ ಆಯಿಲ್ಲಿನ ರಭಸಕ್ಕೆ ಗೇರ್ ಕಡೆಯ ರೆಕ್ಕೆ ತಿರುಗುತ್ತದೆ. ನಡುವೆ ಗಟ್ಟಿ ಜೋಡಣೆ ಇಲ್ಲದ್ದರಿಂದಲೇ ಬ್ರೇಕ್ ಹಿಡಿದು ನಿಂತರೂ ಎಂಜಿನ್ ಆಫ್ ಆಗಲ್ಲ, ಕ್ಲಚ್ ಬೇಕಾಗಲ್ಲ.

ಬೋಲ್ಟ್ ತೂತು ಕೂರದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಲೇತ್‌ನಲ್ಲಿ ಮಾಡಿಸಬೇಕು. ಎಂಜಿನ್ನಿನ ನಡುಗೆರೆಯೂ ಗೇರ್ ಬಾಕ್ಸಿನ ನಡುಗೆರೆಯೂ ಕೂದಲೆಳೆ ತಪ್ಪಿದರೂ ಸೀಲು, ಬುಷ್ಷು, ಪಂಪು ಬೇಗ ತಿಂದುಹೋಗುತ್ತವೆ. ಆಟೋ ಡಬ್ಬಿಯ ಉದ್ದ ಬೇರೆ ಇರೋದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು ಇಲ್ಲವೇ ಉದ್ದ ಮಾಡಿಸಬೇಕು, ಆಮೇಲೆ ಬ್ಯಾಲೆನ್ಸ್ ಮಾಡಿಸಬೇಕು. ಚಾಸಿಯ ಅಡ್ಡಪಟ್ಟಿ ಜಾಗ ಬದಲಾಗುತ್ತದೆ. ರೇಡಿಯೇಟರ್ ಹತ್ತಿರ ಗೇರ್ ಆಯಿಲ್ಲಿಗೆ ಬೇರೆ ಕೂಲರ್ ಬೇಕು. ಪಾರ್ಕಿಂಗ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆ ಯಾವುದರಲ್ಲೂ ಸ್ಟಾರ್ಟ್ ಆಗದ ಹಾಗೆ ಸ್ವಿಚ್ ಬೇಕು. ಈ ಸ್ವಿಚ್ ಬಿಟ್ಟು ಕೆಲಸ ಮುಗಿಸಿದರೆ ಕೀ ತಿರುಗಿಸಿದ ತಕ್ಷಣ ಗಾಡಿ ಮುಂದಿದ್ದವರ ಮೇಲೆ ಹೋಗುತ್ತದೆ.

ಇಷ್ಟಾದ ಮೇಲೂ ಮಿದುಳಿನ ಪ್ರಶ್ನೆ ಉಳಿಯಿತು. ಈಗಿನ ಆಟೋ ಗೇರ್ ಬಾಕ್ಸು ಯಾವಾಗ ಗೇರ್ ಬದಲಿಸಬೇಕು ಅನ್ನೋದನ್ನ ಒಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಎಕ್ಸಲರೇಟರ್ ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಗಾಡಿ ವೇಗ ಎಷ್ಟು ಅಂತ ಅದಕ್ಕೆ ಮಾಹಿತಿ ಬೇಕು. ಹಳೇ ಪಂಪ್ ಡೀಸೆಲ್ ಎಂಜಿನ್ನಿನಲ್ಲಿ ಆ ಸೆನ್ಸರುಗಳೇ ಇಲ್ಲ. ಎಲ್ಲವನ್ನೂ ಹೊಸದಾಗಿ ಕೂರಿಸಿ ವೈರಿಂಗ್ ಎಳೀಬೇಕು.

ಇನ್ನೊಂದು ದಾರಿ ಎಎಂಟಿ. ಇದು 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಮನೆಮಾತಾಯಿತು. ಇದರಲ್ಲಿ ಒಳಗಿರೋದು ಮ್ಯಾನುಯಲ್ ಗೇರ್ ಬಾಕ್ಸೇ, ಕ್ಲಚ್ಚೂ ಅದೇ. ಕ್ಲಚ್ ಒತ್ತೋ, ಗೇರ್ ಹಾಕೋ ಕೆಲಸವನ್ನ ಮಾತ್ರ ಯಂತ್ರ ಮಾಡುತ್ತದೆ. ಕೇಳೋಕೆ ಸುಲಭ ಅನ್ನಿಸಿದರೂ ಒಂದು ಗಾಡಿಗೆ ಅಂತ ಮಾಡಿದ ಎಎಂಟಿ ಇನ್ನೊಂದಕ್ಕೆ ಹೊಂದಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದನ್ನ ಆ ಗಾಡಿಗೇ ಲೆಕ್ಕ ಹಾಕಿ ಸಾಫ್ಟ್‌ವೇರ್ ಬರೆದಿರುತ್ತಾರೆ.

ಲೋಡು, ಇಳಿಜಾರು, ತಳ್ಳಿ ಸ್ಟಾರ್ಟು

ಯಂತ್ರ ಕೂತಿತು ಅಂತಲೇ ಇಟ್ಟುಕೊಳ್ಳೋಣ. ನಮ್ಮ ಕೆಲಸಕ್ಕೆ ಆಗುತ್ತದಾ?

ಕನ್ವರ್ಟರಿನಲ್ಲಿ ಆಯಿಲ್ ಜಾರುತ್ತಲೇ ಇರುತ್ತದೆ, ಜಾರಿದಷ್ಟೂ ಶಾಖ ಹುಟ್ಟುತ್ತದೆ, ಅಷ್ಟು ಶಕ್ತಿ ಚಕ್ರಕ್ಕೆ ಹೋಗಲ್ಲ. ದೊಡ್ಡ ಎಂಜಿನ್ನಿಗೆ ಇದು ಗೊತ್ತಾಗಲ್ಲ. 16 ಅಶ್ವಶಕ್ತಿಯ ಏಸ್‌ಗೆ ಇದು ಬಡವನ ತಟ್ಟೆಯಿಂದ ತುತ್ತು ಕಿತ್ತ ಹಾಗೆ. ಬೊಲೆರೊ ಪಿಕಪ್ಪಿನ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯೋದರಿಂದ ಸ್ವಲ್ಪ ತಡೆದುಕೊಂಡೀತು. ಆದರೆ ಏಪ್ರಿಲ್, ಮೇ ಬಿಸಿಲಲ್ಲಿ ಲಿಮಿಟ್ ಮೀರಿ ಲೋಡ್ ಹೇರಿಕೊಂಡು ಏರಿದರೆ ಆಯಿಲ್ ಸುಡೋದು ಗ್ಯಾರಂಟಿ. ಆಯಿಲ್ ಸುಟ್ಟರೆ ಡಬ್ಬಿಯೊಳಗಿನ ಪ್ಲೇಟುಗಳೂ ಹೋದವು ಅಂತಲೇ ಲೆಕ್ಕ.

ಇಳಿಜಾರಿನದು ಇನ್ನೊಂದು ವಿಷಯ. ಕೂಡ್ಲಿಗಿಯಿಂದ ಸಂಡೂರು ಕಡೆಯ ಗುಡ್ಡದ ದಾರಿಯಲ್ಲಿ ಲೋಡ್ ಗಾಡಿ ಇಳಿಸುವವರು ಸೆಕೆಂಡ್ ಗೇರಿನಲ್ಲೇ ಹಿಡಿದು ಇಳಿಸುತ್ತಾರೆ, ಎಂಜಿನ್ನೇ ಅರ್ಧ ಬ್ರೇಕ್ ಆಗಿರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಲಿವರನ್ನ ಕೆಳಗಿನ ಗೇರಿಗೆ ಇಳಿಸದೆ ಡಿ ಮೇಲೇ ಬಿಟ್ಟರೆ ಆ ಹಿಡಿತ ಕಡಿಮೆ. ಭಾರ ಪೂರ್ತಿ ಬ್ರೇಕ್ ಶೂ ಮೇಲೆ ಬೀಳುತ್ತದೆ.

ಬ್ಯಾಟರಿ ಡೌನ್ ಆದಾಗ ನಾಲ್ಕು ಜನ ಸೇರಿ ತಳ್ಳಿ ಸೆಕೆಂಡಿಗೆ ಹಾಕಿ ಸ್ಟಾರ್ಟ್ ಮಾಡೋ ಪದ್ಧತಿ ಇದೆಯಲ್ಲ, ಅದು ಮುಗಿಯಿತು. ಎಂಜಿನ್ ತಿರುಗದೆ ಆಯಿಲ್ ಪಂಪ್ ತಿರುಗಲ್ಲ, ಪಂಪ್ ತಿರುಗದೆ ಗೇರ್ ಹಿಡಿಯಲ್ಲ. ಇದೇ ಕಾರಣಕ್ಕೆ ಕೆಟ್ಟು ನಿಂತ ಆಟೋಮ್ಯಾಟಿಕ್ ಪಿಕಪ್ಪನ್ನ ಹಿಂದಿನ ಚಕ್ರ ನೆಲದ ಮೇಲೇ ಇಟ್ಟು ಹಗ್ಗ ಕಟ್ಟಿ ದೂರ ಎಳೆದುಕೊಂಡು ಹೋದರೆ ಡಬ್ಬಿ ಒಣಗಿ ಹಾಳಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಹಳ್ಳಿ ದಾರಿಯಲ್ಲಿ ಹೂವಿನ ಲೋಡ್ ಇಟ್ಟುಕೊಂಡು ನಿಂತವನಿಗೆ ಇದು ಸಣ್ಣ ಮಾತಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರೋದು. ಆರ್‌ಸಿಯ ವಿವರಗಳು ತಯಾರಕ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಮಾಲೀಕ ಗಾಡಿಯನ್ನ ಬದಲಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ಕಾಯ್ದೆ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ರೀತಿಯಲ್ಲಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಇಲ್ಲಿ ಒಂದು ವಾದ ಕೇಳಿಬರುತ್ತದೆ. ಆರ್‌ಸಿ ಕಾರ್ಡಿನಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ತೂಕ, ಇಂಧನ ಎಲ್ಲ ಇದೆ, ಗೇರ್ ಬಾಕ್ಸ್ ಅಂತ ಸಾಲೇ ಇಲ್ಲವಲ್ಲ, ಅದನ್ನ ಬದಲಿಸಿದರೆ ತಪ್ಪೇನು ಅಂತ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಕೋರ್ಟ್ ಒತ್ತು ಕೊಟ್ಟಿರೋದು ಕಂಪನಿಯ ಮೂಲ ವಿವರಕ್ಕೆ. ಚಾಸಿ ಪಟ್ಟಿ ಕತ್ತರಿಸಿ, ಶಾಫ್ಟ್ ಉದ್ದ ಬದಲಿಸಿ, ಖಾಲಿ ಗಾಡಿಯ ತೂಕವೂ ಬದಲಾದ ಮೇಲೆ ಇದು ಬರೀ ರಿಪೇರಿ ಅಂತ ಹೇಳಿ ಒಪ್ಪಿಸೋದು ಕಷ್ಟ. ಆಟೋ ಡಬ್ಬಿ ಕೂರಲಿ ಅಂತ ಎಂಜಿನ್ನನ್ನೇ ಬೇರೆ ಮಾದರಿಯದು ತಂದು ಹಾಕಿದರಂತೂ ಅದು ನೇರವಾಗಿ ಆರ್‌ಸಿ ವಿಷಯ.

ಗೂಡ್ಸ್ ಗಾಡಿಗೆ ಎಫ್‌ಸಿ ತಪ್ಪಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಳೇ ಪಿಕಪ್ ಅಂದ ಮೇಲೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಲೇಬೇಕು. ಗ್ಯಾರೇಜಿನಲ್ಲಿ ಯಾರಿಗೂ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ.

ಇನ್ಶೂರೆನ್ಸ್ ಇದಕ್ಕಿಂತ ದೊಡ್ಡ ವಿಷಯ. ಮಾರ್ಪಾಡು ಮಾಡಿದ್ದನ್ನ ಕಂಪನಿಗೆ ತಿಳಿಸದೆ ಇದ್ದು ಅಪಘಾತ ಆದರೆ ಗಾಡಿಯ ಕ್ಲೇಮಿಗೆ ತಕರಾರು ಬರುತ್ತದೆ. ಎದುರಿನವರಿಗೆ ಪೆಟ್ಟಾದ ಪ್ರಕರಣಗಳಲ್ಲಿ, ಪಾಲಿಸಿ ಷರತ್ತು ಮುರಿದಿದ್ದರೆ, ಮೊದಲು ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಆದೇಶ ಕೊಟ್ಟ ಉದಾಹರಣೆಗಳಿವೆ. ಕಾಲು ನೋವು ತಪ್ಪಿಸೋಕೆ ಹೋಗಿ ಹೊಲ ಮಾರೋ ಪರಿಸ್ಥಿತಿ ಬರಬಾರದು.

ಹರಪನಹಳ್ಳಿಯವರಿಗೆ ಇನ್ನೊಂದು ಸೂಚನೆ. 1997ರಿಂದ 2018ರವರೆಗೆ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿದ್ದ ಕಾರಣ ಅಲ್ಲಿಯ ಹಳೇ ಗಾಡಿಗಳಲ್ಲಿ ಕೆಎ-17 ನಂಬರು ಇರೋದು ಸಾಮಾನ್ಯ, ಉಳಿದ ತಾಲ್ಲೂಕುಗಳಲ್ಲಿ ಕಾಣೋದು ಹೊಸಪೇಟೆಯ ಕೆಎ-35. ಕೈಯಿಂದ ಕೈಗೆ ಬಂದ ಇಂಥ ಗಾಡಿಗಳ ಆರ್‌ಸಿ ಯಾರ ಹೆಸರಲ್ಲಿದೆ, ವಿಳಾಸ ಯಾವುದು, ಫೈನಾನ್ಸ್ ಎನ್‌ಒಸಿ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಬೇಕು. ಹೆಸರೇ ಬದಲಾಗದ ಗಾಡಿಗೆ ಮಾರ್ಪಾಡಿನ ಅರ್ಜಿ ಹಾಕೋಕೂ ಬರಲ್ಲ.

ಕಾಸಿನ ಲೆಕ್ಕ

ಲೆಕ್ಕಕ್ಕೆ ಮಾತ್ರ ಅಂತ ಒಂದು ಅಂಕಿ ಇಟ್ಟುಕೊಳ್ಳೋಣ. ಗುಜರಿ ಗೇರ್ ಬಾಕ್ಸು, ಲೇತ್ ಕೆಲಸ, ವೈರಿಂಗು, ಕೂಲರು, ಕೂಲಿ ಸೇರಿ 1.5 ಲಕ್ಷ ರೂಪಾಯಿ. ಕೆಲಸಕ್ಕೆ 20 ದಿನ ಗಾಡಿ ನಿಂತಿತು, ದಿನಕ್ಕೆ ಖರ್ಚು ಕಳೆದು 1,500 ರೂಪಾಯಿ ಉಳಿಯೋ ಗಾಡಿಯಾದರೆ ಅಲ್ಲಿ 30 ಸಾವಿರ ಹೋಯಿತು. ಒಟ್ಟು 1.8 ಲಕ್ಷ.

ಈ ಕಡೆ, ಪೂರ್ತಿ ಕ್ಲಚ್ ಸೆಟ್ ಬದಲಿಸೋಕೆ ಕೂಲಿ ಸೇರಿ 12 ಸಾವಿರ, ಎರಡು ವರ್ಷಕ್ಕೊಮ್ಮೆ ಅಂತ ಹಿಡಿಯೋಣ. 1.8 ಲಕ್ಷಕ್ಕೆ 15 ಸಲ ಕ್ಲಚ್ ಬದಲಿಸಬಹುದು, ಅಂದರೆ 30 ವರ್ಷ. ಹದಿನೈದು ವರ್ಷದ ಹಳೇ ಗಾಡಿ ಇನ್ನು 30 ವರ್ಷ ಓಡುತ್ತದಾ? ಅದರ ಮೇಲೆ 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕವೂ ಏರಿದೆ. ಅವರವರ ಗ್ಯಾರೇಜಿನ ರೇಟು ಹಾಕಿ ಈ ಲೆಕ್ಕವನ್ನ ಮತ್ತೆ ಮಾಡಿಕೊಳ್ಳಬಹುದು. ಅಂಕಿ ಅರ್ಧಕ್ಕೆ ಇಳಿದರೂ ಉತ್ತರ ಬದಲಾಗೋದು ಕಷ್ಟ. ಮಾರೋಕೆ ಹೋದಾಗ ಇಂಥ ಗಾಡಿಯನ್ನ ಧೈರ್ಯವಾಗಿ ಕೊಳ್ಳುವವರೂ ಕಡಿಮೆ.

ಹಂಗಾದರೆ ದಾರಿ?

ಮೊದಲನೇದು ಇರೋ ಕ್ಲಚ್ಚನ್ನೇ ಹಗುರ ಮಾಡಿಸೋದು. ಕ್ಲಚ್ ಗಟ್ಟಿಯಾಗಿದೆ ಅಂದರೆ ಬಹಳ ಸಲ ಅದು ಗಾಡಿಯ ಗುಣ ಅಲ್ಲ, ಕಾಯಿಲೆ. ಕೇಬಲ್ ಒಳಗೆ ತುಕ್ಕು, ಪೆಡಲ್ ಬುಷ್ ಸವೆತ, ರಿಲೀಸ್ ಬೇರಿಂಗ್ ಒಣಗಿರೋದು, ಫೋರ್ಕ್ ತಿಂದಿರೋದು. ಪ್ಲೇಟ್ ಸವೆದಷ್ಟೂ ಪೆಡಲ್ ಗಟ್ಟಿಯಾಗುತ್ತದೆ. ಬರೀ ಪ್ಲೇಟ್ ಬದಲಿಸಿ ಪ್ರೆಶರ್ ಪ್ಲೇಟು, ಬೇರಿಂಗು ಹಳೇದೇ ಬಿಟ್ಟರೆ ಉಳಿಸಿದ ದುಡ್ಡು ಮೊಣಕಾಲಿಗೆ ಖರ್ಚಾಗುತ್ತದೆ. ಸೀಟನ್ನ ಸ್ವಲ್ಪ ಮುಂದೆ, ಸ್ವಲ್ಪ ಮೇಲೆ ಮಾಡಿಸಿದರೂ ಕಾಲಿಗೆ ಎಷ್ಟೋ ವಾಸಿ.

ಎರಡನೇದು ಕಾಲು ಇಟ್ಟುಕೊಳ್ಳೋ ಅಭ್ಯಾಸ. ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳೋದು, ಸುಮ್ಮನೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋದು ಬಿಟ್ಟರೆ ಪ್ಲೇಟೂ ಬಾಳುತ್ತದೆ, ಕಾಲೂ ಬಾಳುತ್ತದೆ. ಜಾತ್ರೆ, ಸಂತೆಯ ಸಾಲಿನಲ್ಲಿ ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆಯಬೇಕು.

ಮೂರನೇದು, ಕ್ಲಚ್ ಬೇಡವೇ ಬೇಡ ಅನ್ನುವವರಿಗೆ ಕಂಪನಿಯಿಂದಲೇ ಹಾಗೆ ಬಂದ ಗಾಡಿ. ಎಲೆಕ್ಟ್ರಿಕ್ ಗೂಡ್ಸ್ ಗಾಡಿಯಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಿಸೋದೂ ಇಲ್ಲ. ಟಾಟಾ ಏಸ್ ಇವಿ 2022ರ ಮೇನಲ್ಲಿ ಬಂತು. 600 ಕೆಜಿ ಲೋಡು, ಪರೀಕ್ಷೆಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 154 ಕಿ.ಮೀ. 2024ರ ಮೇನಲ್ಲಿ ಒಂದು ಟನ್ ಹೊರೋ ಮಾದರಿಯೂ ಬಂತು, ಅದರ ಲೆಕ್ಕ 161 ಕಿ.ಮೀ. ಲೋಡು, ಬಿಸಿಲು, ಏರು ಸೇರಿದರೆ ರಸ್ತೆ ಮೇಲೆ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಬೆಳಿಗ್ಗೆ ಹೊರಟು ಸುತ್ತಿನ ಹಳ್ಳಿ ಅಂಗಡಿಗಳಿಗೆ ಸಾಮಾನು ಹಾಕಿ ಸಂಜೆ ಮನೆಗೆ ಬರೋ ಕಿರಾಣಿ, ಬೇಕರಿ, ನೀರಿನ ಕ್ಯಾನ್ ವ್ಯಾಪಾರಕ್ಕೆ ಇದು ಸರಿ ಹೊಂದಬಹುದು. ರಾತ್ರೋರಾತ್ರಿ ಬೆಂಗಳೂರಿಗೆ ಉಳ್ಳಾಗಡ್ಡಿ ಒಯ್ಯುವವರಿಗೆ ಅಲ್ಲ. ಇಸುಜು, ಟೊಯೊಟಾ ಕಂಪನಿಗಳ ಆಟೋಮ್ಯಾಟಿಕ್ ಪಿಕಪ್ಪುಗಳೂ ದೇಶದಲ್ಲಿ ಮಾರಾಟಕ್ಕಿವೆ, ಆದರೆ ಅವು ಬಾಡಿಗೆ ದುಡಿಮೆಗೆ ಅಂತ ಮಾಡಿದ ರೇಟಿನವಲ್ಲ.

ಹಳೇ ಗಾಡಿಗೇ ಬ್ಯಾಟರಿ ಕಿಟ್ ಹಾಕಿಸೋದಕ್ಕೆ 52ನೇ ಸೆಕ್ಷನ್ನಿನಲ್ಲೇ ಅವಕಾಶ ಇದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಹೀಗೆ ಇಂಧನ ಬದಲಿಸೋ ಕಿಟ್ಟುಗಳನ್ನ ಷರತ್ತಿನ ಮೇಲೆ ಒಪ್ಪುತ್ತಾರೆ. ಆದರೆ ಕಿಟ್ ಆ ಮಾದರಿ ಗಾಡಿಗೆ ಅಂತ ಪರೀಕ್ಷೆ ಪಾಸಾಗಿರಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ವಿಚಿತ್ರ ಅನ್ನಿಸಿದರೂ ಹಳೇ ಗಾಡಿಯನ್ನ ಎಲೆಕ್ಟ್ರಿಕ್ ಮಾಡೋಕೆ ಕಾಯ್ದೆಯಲ್ಲಿ ಬರೆದಿಟ್ಟ ದಾರಿ ಇದೆ, ಗೇರ್ ಬಾಕ್ಸ್ ಬದಲಿಸೋಕೆ ಅಂಥ ದಾರಿ ಬರೆದಿಲ್ಲ.

ನಾಲ್ಕನೇದು ಅಂಗವಿಕಲರ ವಿಷಯ. ಕಾಲಿನ ಶಕ್ತಿ ಹೋದವರು ಓಡಿಸಲಿ ಅಂತ ಕೈಯಲ್ಲೇ ಕ್ಲಚ್, ಬ್ರೇಕ್ ಹಿಡಿಯೋ ವ್ಯವಸ್ಥೆ ಮಾಡಿದ ಗಾಡಿಗೆ ಕಾಯ್ದೆಯಲ್ಲಿ ಜಾಗ ಇದೆ. ಆದರೆ ಆ ಗಾಡಿ ಅವರ ಬಳಕೆಗೆ ಮಾತ್ರ ಇರಬೇಕು ಅನ್ನೋದು ಕಾಯ್ದೆಯ ಮಾತು. ಇವತ್ತು ಒಬ್ಬ, ನಾಳೆ ಇನ್ನೊಬ್ಬ ಡ್ರೈವರ್ ಓಡಿಸೋ ಬಾಡಿಗೆ ಪಿಕಪ್ಪಿಗೆ ಈ ದಾರಿ ಹಿಡಿಯೋಕೆ ಹೋದರೆ ತೊಡಕು. ಇಂಥ ಸ್ಥಿತಿ ಇರುವವರು ಏಜೆಂಟರ ಮಾತು ನಂಬದೆ ತಾವೇ ಆರ್‌ಟಿಒ ಕಚೇರಿಗೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯೋದು ಒಳ್ಳೇದು.

ಇಷ್ಟಾದರೂ ಹಾಕ್ಸಲೇಬೇಕು ಅನ್ನುವವರು ಗಾಡಿ ಬಿಚ್ಚೋ ಮೊದಲು ನಾಲ್ಕು ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇಟ್ಟುಕೊಳ್ಳಲಿ. ಆರ್‌ಟಿಒ ಒಪ್ಪಿಗೆ ಇದೆಯಾ? ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಆಯಿತಾ? ಫೈನಾನ್ಸ್ ಇದ್ದರೆ ಅವರ ಎನ್‌ಒಸಿ ಬಂತಾ? ನಡುದಾರಿಯಲ್ಲಿ ಕೆಟ್ಟರೆ ಈ ಡಬ್ಬಿ ಬಿಚ್ಚಬಲ್ಲ ಮೆಕ್ಯಾನಿಕ್ ಹೊಸಪೇಟೆಯೊಳಗಾದರೂ ಇದ್ದಾರಾ? ಒಂದಕ್ಕೆ ಇಲ್ಲ ಅನ್ನೋ ಉತ್ತರ ಬಂದರೂ ಸ್ಪ್ಯಾನರ್ ಕೆಳಗಿಡೋದೇ ಲೇಸು.

ಗಾಡಿ ಮಾಲೀಕರು ಒಂದು ಮಾತು ಮಾತ್ರ ತಳ್ಳಿಹಾಕುವಂತಿಲ್ಲ. ಕ್ಲಚ್ ಗಟ್ಟಿ ಅಂತ ಡ್ರೈವರ್ ಹೇಳಿದರೆ ಅದು ಸೋಮಾರಿತನ ಅಲ್ಲ. ಮುಂದಿನ ಸೀಸನ್ನಿಗೆ ಮೊದಲು ಗಾಡಿಯನ್ನ ಒಂದು ದಿನ ಗ್ಯಾರೇಜಿಗೆ ಬಿಟ್ಟು ಕೇಬಲ್ಲು, ಬೇರಿಂಗು, ಪ್ಲೇಟು ನೋಡಿಸೋದಕ್ಕೆ ಯಾರ ಅನುಮತಿಯೂ ಬೇಕಿಲ್ಲ.